ಕುದುರೆ ಕಟ್ಟಿಗೆ ಹಿಡಿದ ಗೆದ್ದಲು

ಓಂಕಾರಪ್ಪನವರು ಪುಸ್ತಕದ ಹಾಳೆ ಮಗುಚುವ ಮೊದಲು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದರು. ಆ ನಾಲಿಗೆಯ ಮೇಲೆ ಬೆಳಗಿನಿಂದ ಸಂಜೆಯವರೆಗೂ ಎಲೆಅಡಿಕೆ, ಸುಣ್ಣ, ಹೊಗೆಸೊಪ್ಪು ಅರೆಯುತ್ತಲೇ ಇರುತ್ತಿದ್ದವು. ಹಾಗಾಗಿ ಅವರ ಮನೆಯ ಗ್ರಂಥಾಲಯದಲ್ಲಿ ಅವರು ಓದಿದ ಪುಸ್ತಕ ಯಾವುದು, ಓದದೆ ಬಿಟ್ಟದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಓದಿದ್ದರ ಪ್ರತಿ ಹಾಳೆಯ ಕೆಳಮೂಲೆಯಲ್ಲೂ ಕಂದುಗೆಂಪು ಕಲೆ. ಬಂದ ಸಂಶೋಧಕರು ಅದನ್ನು ಕಂಡು ‘ಆಹಾ, ಯಜಮಾನರ ಓದಿನ ಗುರುತು’ ಎಂದು ತಲೆದೂಗುತ್ತಿದ್ದರು. ಶಶಿಧರನಿಗೆ ಮಾತ್ರ ಅದು ಎಂಜಲು. ಎಂಜಲು ಬಿಟ್ಟು ಬೇರೇನೂ ಅಲ್ಲ.

ಶಶಿಧರ ಓಂಕಾರಪ್ಪನವರ ತಂಗಿಯ ಮಗ. ಅಪ್ಪ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದುದರಿಂದ ಹುಟ್ಟಿ ಬೆಳೆದದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಪ್ಪ ಅಮ್ಮ ಹೋದ ಮೇಲೆ ಓಲ್ಡ್ ಟೌನಿನಲ್ಲೊಂದು ಸಣ್ಣ ಬಾಡಿಗೆ ಮನೆ ಹಿಡಿದು ಒಬ್ಬನೇ ಇದ್ದ. ಇನ್ನೊಬ್ಬರು ಕುಡಿದ ಲೋಟವನ್ನು ಎಷ್ಟು ಉಜ್ಜಿದರೂ ಬಾಯಿಗಿಡಲಾರದವನಿಗೆ ಮದುವೆ ಎಲ್ಲಿಂದ ಕೂಡಿಬರಬೇಕು! ಇತಿಹಾಸದಲ್ಲಿ ಎಂ.ಎ. ಮಾಡಿ ಕೆಲಸ ಸಿಗದೆ ಕೂತಿದ್ದಾಗ ಸೋದರಮಾವನೇ ಕರೆದು, ‘ಮನೇಲೇ ಲೈಬ್ರರಿ ಇದೆ, ಮ್ಯೂಸಿಯಂ ಇದೆ, ನೋಡ್ಕೊಂಡಿರು ಬಾರೋ’ ಎಂದಿದ್ದರು. ಅವತ್ತಿನಿಂದ ದಿನಾ ಬೆಳಿಗ್ಗೆ ಶಿವಮೊಗ್ಗದ ಬಸ್ಸು, ಸಂಜೆ ವಾಪಸ್ಸು. ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂರುತ್ತಿರಲಿಲ್ಲ. ಮುಂದಿನ ಸೀಟಿನವರು ಉಗಿದದ್ದು ಗಾಳಿಗೆ ಹಿಂದಕ್ಕೆ ಬರುತ್ತದೆ.

ತುಂಗಾ ಹೊಳೆಗೆ ಬೆನ್ನು ಹಾಕಿ ನಿಂತಿರುವ ಆ ಮನೆಯನ್ನು ಊರವರು ದೊಡ್ಡಂಕಣದ ಮನೆ ಎನ್ನುತ್ತಾರೆ. ಓಂಕಾರಪ್ಪನವರ ಅಜ್ಜ ಅಡಿಕೆ ಮಂಡಿಯಲ್ಲಿ ಗಳಿಸಿದ್ದನ್ನೆಲ್ಲ ಪುಸ್ತಕಕ್ಕೆ, ತಾಳೆಗರಿಗೆ, ತುಕ್ಕು ಹಿಡಿದ ಕತ್ತಿಗಳಿಗೆ, ಕಾಲು ಮುರಿದ ಪಲ್ಲಕ್ಕಿಗೆ ಸುರಿದು ಹೋಗಿದ್ದರು. ಮುಂದಿನ ಎರಡು ತಲೆಮಾರು ಅದನ್ನು ಬೆಳೆಸಿ, ಮುಂಬಾಗಿಲಿಗೆ ಬೋರ್ಡು ಹಾಕಿ, ವಾರಕ್ಕೊಂದು ದಿನ ರಜಾ ಇಟ್ಟು ಮ್ಯೂಸಿಯಂ ಮಾಡಿದವು. ಪತ್ರಿಕೆಗಳು ವರ್ಷಕ್ಕೊಮ್ಮೆ ಅದನ್ನು ಜ್ಞಾನಭಂಡಾರವೆಂದು ಬರೆಯುತ್ತಿದ್ದವು. ಬರೆದವರು ಯಾರೂ ಅಟ್ಟದ ಬಾವಲಿ ಹಿಕ್ಕೆಯನ್ನು ಬಾಚಿದವರಲ್ಲ. ಪಲ್ಲಕ್ಕಿಯ ಗಾದಿಯೊಳಗಿನಿಂದ ಸತ್ತ ಇಲಿಯನ್ನು ಬಾಲ ಹಿಡಿದು ಎಳೆದವರಲ್ಲ. ಗಾಜಿನ ಕಪಾಟಿನಲ್ಲಿ ಒಂದು ಬೆಳ್ಳಿಯ ಪೀಕದಾನಿ ಇತ್ತು, ಅರಮನೆಯ ಉಡುಗೊರೆಯಂತೆ. ಅದು ನೋಡುವುದಕ್ಕೆ. ಹಿತ್ತಾಳೆಯದೊಂದು ಓಂಕಾರಪ್ಪನವರ ಆರಾಮಕುರ್ಚಿಯ ಕೆಳಗಿತ್ತು. ಅದು ಉಗಿಯುವುದಕ್ಕೆ. ಅದನ್ನು ಎತ್ತಿ ಚೆಲ್ಲಿ ತೊಳೆದಿಡುವುದು ಯಾರ ಕೆಲಸವೆಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಎಂ.ಎ. ಮಾಡಿದವನ ಕೈಗೆ ಅದು ತಾನಾಗಿ ಬಂದಿತ್ತು.

ಕಳೆದ ವರ್ಷದ ವಾರ್ಷಿಕೋತ್ಸವದಲ್ಲಿ ಅವನ ಸಹನೆಯ ಕಟ್ಟೆ ಒಡೆಯಿತು. ಅಂಗಳದಲ್ಲಿ ಶಾಮಿಯಾನ, ಕುರ್ಚಿಗಳ ತುಂಬ ಊರಿನ ದೊಡ್ಡವರು. ಓಂಕಾರಪ್ಪನವರು ಮೈಕಿನ ಮುಂದೆ ನಿಂತು, ಬಾಯಿ ತುಂಬಿದ್ದರಿಂದ ತಲೆ ಮೇಲೆತ್ತಿಕೊಂಡು ಮಾತಾಡಿದರು.

‘ಇನ್ನು ನಂಗೆ ವಯಸ್ಸಾಯ್ತು. ಬರೋ ದೀಪಾವಳಿ ಕಳೆದ್ಮೇಲೆ ಇದನ್ನೆಲ್ಲ ನನ್ನ ಮೊಮ್ಮಗಳು ಸ್ಪಂದನಾ ನೋಡ್ಕೊಳ್ತಾಳೆ. ಮೈಸೂರಲ್ಲಿ ಇದನ್ನೇ ಓದ್ಕೊಂಡು ಬಂದಿದಾಳೆ. ಒರ್ಸೋದು ಗುಡ್ಸೋದಕ್ಕೆ ಹೆಂಗಿದ್ರೂ ನಮ್ ಶಶಿ ಇದಾನೆ.’

ಜನ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯ ನಗುವೇ. ಅದೇ ಇನ್ನಷ್ಟು ಚುಚ್ಚಿತು. ನಗು ಮುಗಿಯುವ ಮುಂಚೆಯೇ ಮುದುಕ ಮೈಕಿಗೆ ಕೈ ಅಡ್ಡ ಹಿಡಿದು, ‘ಶಶೀ, ಪೀಕದಾನಿ ಇತ್ಲಾಗೆ ತಾರೋ’ ಎಂದರು. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು. ಶಶಿಧರ ತಂದು ಹಿಡಿದ. ಒಂದು ತುಂತುರು ಅವನ ಮಣಿಕಟ್ಟಿನ ಮೇಲೆ ಬಿತ್ತು. ಅವತ್ತು ಮನೆಗೆ ಹೋಗಿ ಆ ಜಾಗವನ್ನು ಚರ್ಮ ಕೆಂಪಾಗುವ ತನಕ ಉಜ್ಜಿದ. ಮಾವನ ಮೇಲಿದ್ದ ಅಷ್ಟಿಷ್ಟು ಋಣಭಾವವೂ ಅದರ ಜೊತೆಗೇ ತೊಳೆದುಹೋಯಿತು.

ದುಶ್ಯಂತ್ ಎಂಬವನು ಮ್ಯೂಸಿಯಂ ನೋಡಲು ಬಂದದ್ದು ಅದಾದ ಕೆಲವೇ ವಾರಕ್ಕೆ. ಬೆಂಗಳೂರಿನವನು, ಹಳೆಯ ವಸ್ತು ಕೊಳ್ಳುವವರ ಪರವಾಗಿ ಓಡಾಡುವವನು. ತಾಳೆಗರಿ ಕೇಳಿದಾಗ ಜೇಬಿನಿಂದ ಬಿಳಿಯ ಹತ್ತಿಯ ಕೈಗವಸು ತೆಗೆದು ಹಾಕಿಕೊಂಡ. ಶಶಿಧರನಿಗೆ ಅಲ್ಲಿಯೇ ಮನಸ್ಸು ಜಾರಿತು. ಈ ಮನೆಯಲ್ಲಿ ಒಂದು ವಸ್ತುವನ್ನು ಶುದ್ಧವಾದ ಕೈಯಿಂದ ಮುಟ್ಟಿದವರನ್ನು ಅವನು ಅವತ್ತೇ ಮೊದಲು ಕಂಡದ್ದು.

ದುಶ್ಯಂತ್ ನೋಡಿ ಮೈಮರೆತದ್ದು ಕುದುರೆ ಕಟ್ಟನ್ನು. ಮನೆಯವರು ಅದನ್ನು ಕರೆಯುತ್ತಿದ್ದದ್ದೇ ಹಾಗೆ. ನಗರ ಸಂಸ್ಥಾನದ ಅರಸರ ಲಾಯದಲ್ಲಿದ್ದ ಯಾವನೋ ಕುದುರೆ ವೈದ್ಯ ಮಾಡಿಸಿದ್ದಂತೆ ಆ ತಾಳೆಗರಿಯ ಕಟ್ಟು. ಗರಿಗೊಂದು ಕುದುರೆ, ಕಂಟವೆಂಬ ಉಕ್ಕಿನ ಕಡ್ಡಿಯಿಂದ ಕೊರೆದು ಮಸಿ ತುಂಬಿದ್ದು. ಹೊಟ್ಟೆ ಉಬ್ಬರಿಸಿದ ಕುದುರೆ, ಗೊರಸು ನೊಂದ ಕುದುರೆ, ಕಣ್ಣಿಗೆ ಹೂ ಬಿದ್ದ ಕುದುರೆ, ಒಂದೊಂದರ ಮುಖದಲ್ಲೂ ಒಂದೊಂದು ಬಗೆಯ ಸಂಕಟ. ಅದರ ಮೇಲೂ ಓಂಕಾರಪ್ಪನವರ ಹೆಬ್ಬೆರಳು ಆಡಿತ್ತು.

‘ಇಂಥದನ್ನ ಹೀಗಾ ಸಾರ್ ಇಟ್ಕೊಳ್ಳೋದು?’ ಎಂದ ದುಶ್ಯಂತ್ ಮೆಲ್ಲಗೆ. ‘ಇದು ಇರಬೇಕಾದ ಜಾಗ ಬೇರೆ. ನೀವು ಇರಬೇಕಾದ ಜಾಗವೂ ಬೇರೆ, ಬಿಡಿ.’

ಶಶಿಧರನಿಗೆ ಆಸೆಯಿದ್ದದ್ದು ಬಹಳ ದೊಡ್ಡದಕ್ಕಲ್ಲ. ದೂರದ ಊರು, ಹೊಸ ಕಟ್ಟಡ, ಬಿಳಿ ಟೈಲ್ಸಿನ ಎರಡು ಕೋಣೆ, ಯಾರೂ ಉಗಿಯದ ಮೆಟ್ಟಿಲು. ಕುದುರೆ ಕಟ್ಟು ದುಶ್ಯಂತನ ಕೈ ಸೇರಿದರೆ ಅಷ್ಟೂ ಆಗುತ್ತಿತ್ತು. ಆದರೆ ಕಳ್ಳತನವೆಂದರೆ ಪೊಲೀಸರು ಬರುತ್ತಾರೆ, ಬಂದವರು ಮೊದಲು ಹಿಡಿಯುವುದು ಬೀಗದ ಕೈ ಇರುವವನನ್ನೇ. ಆದ್ದರಿಂದ ಕಟ್ಟು ಕಳುವಾಗಬಾರದು. ಅದು ಎಲ್ಲರ ಕಣ್ಣೆದುರು ಹಾಳಾಗಬೇಕು. ಅದೂ ಯಾರ ಮೇಲೂ ಕೇಸು ಹಾಕಲಾಗದಂಥ ಕೈಯಿಂದ.

ಆ ಕೈ ಯಾವುದೆಂದು ಅವನಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. ಕಾಗದನಗರದಲ್ಲಿ ಬೆಳೆದವರಿಗೆ ಗೆದ್ದಲನ್ನು ಪರಿಚಯ ಮಾಡಿಕೊಡಬೇಕಿಲ್ಲ. ನೆನೆದ ರಟ್ಟು ಒಂದಿಷ್ಟು ಗೋಡೆ ಮೂಲೆಯಲ್ಲಿ ಬಿದ್ದಿದ್ದರೆ ಸಾಕು, ಮಣ್ಣಿನ ಗೆರೆ ಎಳೆದುಕೊಂಡು ಬಂದೇ ಬರುತ್ತಿದ್ದವು. ಬಿಳಿ ಮೈ, ಮೆತ್ತನೆ ಹೊಟ್ಟೆ, ಕಣ್ಣಿಲ್ಲದ ಆ ಹುಳುಗಳನ್ನು ನೆನೆದರೇ ಶಶಿಧರ ಕೈ ತೊಳೆಯಲು ಏಳುತ್ತಿದ್ದ. ಆದರೂ ಜಗತ್ತಿನಲ್ಲಿ ಅವುಗಳ ಮೇಲೆ ಎಫ್‌ಐಆರ್ ಬರೆಸಿದವರು ಯಾರೂ ಇಲ್ಲ ಎಂಬ ಯೋಚನೆ ಬಂದಾಗ ಅವನಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು.

ಕೆಲಸವನ್ನು ಅವನು ಅವಸರಿಸಲಿಲ್ಲ. ತಾಳೆಗರಿಯ ಕಪಾಟು ತೇಗದ್ದಾದರೂ ಬೆನ್ನಿನ ಹಲಗೆ ಯಾವಾಗಲೋ ಬದಲಾಯಿಸಿದ ಮಾವಿನದ್ದು. ಅದರ ಹಿಂದಿನ ಗೋಡೆಯ ಆಚೆ ಹಳೆಯ ಬಚ್ಚಲು. ಗೋಡೆ ವರ್ಷವಿಡೀ ಥಂಡಿ ಹಿಡಿದಿರುತ್ತಿತ್ತು, ತಳದಲ್ಲಿ ಗೆದ್ದಲಿನ ಗೆರೆ ಹಿಂದಿನಿಂದಲೂ ಕಾಣಿಸಿಕೊಳ್ಳುತ್ತಿತ್ತು. ಪ್ರತಿ ಮಳೆಗಾಲಕ್ಕೆ ಮೊದಲು ಔಷಧಿ ಹೊಡೆಸುವುದು ಶಶಿಧರನ ಹೊಣೆ. ಈ ವರ್ಷ ಹೊಡೆಸಲಿಲ್ಲ. ಗುಡಿಸುವ ನೆಪದಲ್ಲಿ ಕಪಾಟನ್ನು ಗೋಡೆಗೆ ಒತ್ತಿದ. ಅದರ ಬೆನ್ನಿಗೆ ಭದ್ರಾವತಿಯಿಂದ ತಂದ ಹಳೆಯ ರಟ್ಟನ್ನು ನೆನೆಸಿ ಸಿಕ್ಕಿಸಿದ. ಒಣಗಿದಾಗಲೆಲ್ಲ ರಜಾ ದಿನ ಬಂದು ನೀರು ಚಿಮುಕಿಸಿದ. ಬಾಣಂತಿಯನ್ನು ನೋಡಿಕೊಂಡ ಹಾಗೆ ಆ ಹೊಲಸು ಹುಳುಗಳನ್ನು ನೋಡಿಕೊಂಡ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು.

ಕುದುರೆ ಕಟ್ಟಿನ ಜಾಗದಲ್ಲಿ ಇಡಲು ಬೇರೆ ಕಟ್ಟು ಬೇಕಲ್ಲ. ಅಟ್ಟದಲ್ಲಿ ಅಕ್ಷರ ಮಾಸಿ ಯಾರಿಗೂ ಬೇಡವಾದ ತಾಳೆಗರಿಗಳು ರಾಶಿ ಬಿದ್ದಿದ್ದವು. ಅದೇ ಉದ್ದದ ಗರಿ, ಅಂಥದೇ ಮರದ ಪಟ್ಟಿ ಆರಿಸಿದ. ಉಳಿದದ್ದು ಸುತ್ತುವ ಬಟ್ಟೆ. ಈ ಮನೆಯ ಎಲ್ಲ ತಾಳೆಗರಿ ಕಟ್ಟಿಗೂ ಕೆಂಪು ಹತ್ತಿ ಬಟ್ಟೆ, ಒಂದು ಮೂಲೆಗೆ ಹೊಲಿದ ಉದ್ದನೆಯ ದಾರ, ಸುತ್ತಿ ಕಟ್ಟುವುದಕ್ಕೆ. ಕುದುರೆ ಕಟ್ಟಿನ ಬಟ್ಟೆಯನ್ನೇ ಹೊಸ ಕಟ್ಟಿಗೆ ಸುತ್ತಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಓಂಕಾರಪ್ಪನವರು ಆ ಒಂದು ಕಟ್ಟಿಗೆ ಮಾತ್ರ ವರ್ಷ ವರ್ಷವೂ ಹುಳು ಹಿಡಿಯದಿರಲೆಂದು ತಮ್ಮ ಕೈಯಾರೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರುತ್ತಿದ್ದರು; ಉಳಿದವು ಶಶಿಧರನ ಪಾಲಿನವು. ಬಟ್ಟೆ ಆ ಎಣ್ಣೆ ಕುಡಿದು ಕುಡಿದು ಕರಿಯಾಗಿ ಚರ್ಮದಂತಾಗಿತ್ತು. ಶಶಿಧರ ತನ್ನ ಹಿತ್ತಲಿನ ಗೆದ್ದಲ ಮುಂದೆ ಎಣ್ಣೆ ಹಚ್ಚಿದ ಚಿಂದಿಯನ್ನೂ ಹಚ್ಚದ್ದನ್ನೂ ಇಟ್ಟು ನೋಡಿದ್ದ. ಎಣ್ಣೆಯದನ್ನು ಅವು ಮೂಸಿಯೂ ನೋಡಿರಲಿಲ್ಲ. ಹಾಗಾಗಿ ಹೊಸ ಬಟ್ಟೆಯೇ ಬೇಕಾಯಿತು.

ಗಾಂಧಿ ಬಜಾರಿನಲ್ಲಿ ಕೆಂಪು ಬಟ್ಟೆ ಕೊಂಡ. ಸೋಪು ಹಾಕಿ ಒಗೆದು, ಬಿಸಿಲಿಗೆ ಹಾಕಿ, ಚಹಾದ ನೀರಿನಲ್ಲಿ ಅದ್ದಿ, ಮತ್ತೆ ಒಗೆದ. ಒಂದು ರಜಾ ದಿನ ಕಪಾಟು ತೆರೆದು ಮೂಲ ಬಟ್ಟೆಯನ್ನು ಎದುರಿಗಿಟ್ಟುಕೊಂಡು ಹೊಲಿಗೆಯನ್ನು ನೋಡಿ ನೋಡಿ ಕಲಿತ. ಎರಡು ಬೆರಳ ತುದಿಯಲ್ಲಿ ಹಿಡಿದು ನೋಡಿದನಷ್ಟೆ. ದಾರದ ಮೂಲೆಯಲ್ಲಿ ಕೊಳೆ ಹೆಪ್ಪುಗಟ್ಟಿ ಗಟ್ಟಿ ಗಂಟಾಗಿತ್ತು. ಎಷ್ಟು ವರ್ಷದ ಎಣ್ಣೆ, ಎಷ್ಟು ವರ್ಷದ ಎಂಜಲು! ಅದನ್ನು ಅವನು ಮುಟ್ಟಿಯೂ ನೋಡಲಿಲ್ಲ. ಅಂಚಿನ ಮಡಿಕೆ, ಹೊಲಿಗೆಯ ಓರೆ, ದಾರದ ಹುರಿ ಎಲ್ಲವನ್ನೂ ಅಚ್ಚುಕಟ್ಟಾಗಿ ಇಳಿಸಿದ. ಕೊಳೆಯೊಂದನ್ನು ಬಿಟ್ಟ.

ಕಟ್ಟುಗಳ ಅದಲುಬದಲು ಆದದ್ದು ಆಷಾಢದ ಒಂದು ಶುಕ್ರವಾರ, ಊಟದ ಹೊತ್ತಿನ ನಂತರ, ಮುದುಕ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಾಗ. ಶುಕ್ರವಾರವೇ ಏಕೆಂದರೆ ಅವತ್ತು ಮಹಾಂತಮ್ಮ ಅವನಿಗೆ ಅಕ್ಕಿರೊಟ್ಟಿ, ಚಟ್ನಿಪುಡಿ ಕಟ್ಟಿಕೊಡುವ ದಿನ. ಓಂಕಾರಪ್ಪನವರ ಹೆಂಡತಿ ಮಹಾಂತಮ್ಮ ಅವನಿಗೆ ಅತ್ತೆ. ಒಂಟಿ ಗಂಡಸು ಏನು ತಿನ್ನುತ್ತಾನೋ ಎಂದು ಅವರಿಗೆ ಯಾವಾಗಲೂ ಚಿಂತೆ. ರೊಟ್ಟಿಯನ್ನು ಅವರು ತಟ್ಟುವಾಗ ಕೈಗೆ ಬೆವರು ಬಂದಿರುತ್ತದೆಂದು ಅವನು ದಾರಿಯಲ್ಲೇ ನಾಯಿಗೆ ಹಾಕುತ್ತಿದ್ದ. ಅವತ್ತು ಉದ್ದನೆಯ ಬಟ್ಟೆಚೀಲದ ತಳದಲ್ಲಿ ಕುದುರೆ ಕಟ್ಟು, ಅದರ ಮೇಲೆ ಛತ್ರಿ, ಅದರ ಮೇಲೆ ರೊಟ್ಟಿಯ ಡಬ್ಬಿ. ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆಯೇ ಚೀಲವನ್ನು ಎತ್ತಿ ಬಾಗಿಲ ತನಕ ತಂದರು.

‘ಏನೋ ಶಶಿ, ಇಷ್ಟು ಭಾರ ಇದೆ?’

‘ಛತ್ರಿ, ಅತ್ತೆ. ಹಳೇ ಕಾಲದ್ದು.’

‘ಹುಷಾರಾಗಿ ಹೋಗು ಮಾರಾಯ. ಬಸ್ಸಿಂದ ಇಳೀವಾಗ ಜಾರುತ್ತೆ’ ಎಂದು ಚೀಲವನ್ನು ಅವನ ಹೆಗಲಿಗೆ ಏರಿಸಿದರು.

ಓಲ್ಡ್ ಟೌನಿನ ಮನೆಯಲ್ಲಿ ಅವನು ಹೊಸ ಬಿಳಿ ಪಂಚೆ ಹಾಸಿ, ದುಶ್ಯಂತ್ ಕೊಟ್ಟುಹೋಗಿದ್ದ ಕೈಗವಸು ತೊಟ್ಟು ಕಟ್ಟು ಬಿಚ್ಚಿದ. ಗರಿಗಳನ್ನು ಬಿಳಿ ಬಟ್ಟೆಗೆ ಸುತ್ತಿ ಸ್ಟೀಲ್ ಟ್ರಂಕಿನಲ್ಲಿಟ್ಟ. ಕರಿಯಾದ ಆ ಬಟ್ಟೆಯನ್ನು ಮಾತ್ರ ಇಕ್ಕಳದಿಂದ ಎತ್ತಿಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದ. ಗೀಸರ್ ಬಂದ ಮೇಲೆ ಉರಿಯದೆ ಬಿದ್ದಿದ್ದ ಒಲೆ ಅದು. ಎಣ್ಣೆಯಿದ್ದದ್ದರಿಂದ ಬಟ್ಟೆ ಭಗ್ಗನೆ ಹತ್ತಿಕೊಂಡಿತು. ನಡುವೆ ಒಮ್ಮೆ ಚಟ್ ಎಂದು ಸಿಡಿಯಿತು. ಥಂಡಿ ಹಿಡಿದ ಹಳೆಯ ಸೌದೆ ಚೂರು ಇರಬೇಕು. ವಾಸನೆ ತಡೆಯಲಾರದೆ ಅವನು ಬಾಗಿಲು ಎಳೆದುಕೊಂಡು ಬಂದ.

ಆಮೇಲಿನದೆಲ್ಲ ಹುಳುಗಳ ಕೆಲಸ. ಹಲಗೆ ತೂತಾಯಿತು, ಕೆಳಗಿನ ಖಾನೆಯ ಬಡ ಕಟ್ಟುಗಳಿಗೆ ಹಿಡಿಯಿತು, ಅಲ್ಲಿಂದ ಮೇಲೆ ಹತ್ತಿತು. ಈ ವರ್ಷ ಶಶಿಧರ ಬೇಕೆಂದೇ ಎಣ್ಣೆ ಹಚ್ಚದೆ ಬಿಟ್ಟಿದ್ದ ಆ ಕಟ್ಟುಗಳು ಹೋದರೆ ಹೋಗಲಿ. ಒಂದೇ ಕಟ್ಟು ತಿಂದರೆ ಅನುಮಾನ, ಹತ್ತರ ಜೊತೆಗೆ ತಿಂದರೆ ಅದು ಹಣೆಬರಹ. ಆಮೇಲೆ ಅವನಿಗೆ ಇನ್ನೊಂದು ಯೋಚನೆ ಬಂತು. ಪೂರಾ ಮಣ್ಣಾಗಿಬಿಟ್ಟರೆ ಇದೇ ಕುದುರೆ ಕಟ್ಟು ಎಂದು ಯಾರು ನಂಬುತ್ತಾರೆ? ಒಂದು ಗುರುತು ಉಳಿಯಬೇಕು. ದಾರವಿದ್ದ ಮೂಲೆಗೆ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಬೆರಳಗಲ ಚೆನ್ನಾಗಿ ಸವರಿದ. ಮಿಕ್ಕ ಬಟ್ಟೆಯೆಲ್ಲ ಕರಗಿತು. ಮೂಲೆ, ಅದರ ಹೊಲಿಗೆ, ಒಂದು ಗೇಣು ದಾರ, ಮತ್ತೆ ಆ ಪರಿಚಿತ ವಾಸನೆ ಹಾಗೇ ಉಳಿದವು. ಇಡೀ ಸಂಚಿನಲ್ಲಿ ಅವನಿಗೆ ಬಹಳ ಮೆಚ್ಚಿಗೆಯಾದದ್ದು ಈ ಒಂದು ಉಪಾಯ.

ಹಾನಿ ಬಯಲಾಗುವ ದಿನ ಕಪಾಟನ್ನು ತಾನು ತೆರೆಯಬಾರದೆಂದೂ ಅವನು ನಿರ್ಧರಿಸಿದ್ದ. ಮಹಾನವಮಿಗೆ ಆ ಮನೆಯಲ್ಲಿ ಪುಸ್ತಕ ಪೂಜೆ. ಹಿಂದಿನ ದಿನ ಎಲ್ಲವನ್ನೂ ತೆಗೆದು ಒರೆಸಿ ಜೋಡಿಸಬೇಕು. ‘ಈ ಸಲ ನೀನೇ ತೆಗಿ ಪುಟ್ಟಾ, ಮುಂದೆ ನಿನ್ನದೇ ಅಲ್ವಾ’ ಎಂದು ಬೀಗದ ಕೈಯನ್ನು ಸ್ಪಂದನಾಳಿಗೆ ಕೊಟ್ಟ. ಹುಡುಗಿ ಖುಷಿಯಿಂದ ಬಾಗಿಲು ಎಳೆದಳು. ಕೆಮ್ಮಣ್ಣು ದಬದಬನೆ ಅವಳ ಪಾದದ ಮೇಲೆ ಸುರಿಯಿತು, ಅದರೊಳಗೆ ಬಿಳಿ ಹುಳು ಮಿಜಿಮಿಜಿ.

‘ತಾತಾ!’ ಎಂದು ಕಿರುಚಿದಳು. ‘ತಾತಾ, ಕುದುರೆ ಕಟ್ಟು!’

ಓಂಕಾರಪ್ಪನವರು ಕೋಲು ಬಿಟ್ಟು ಓಡಿ ಬಂದರು. ಮೊಣಕಾಲೂರಿ ಎರಡೂ ಕೈಯನ್ನು ಆ ಮಣ್ಣಿನೊಳಗೆ ಇಳಿಸಿ ತಡಕಾಡಿದರು. ಕೈಗೆ ಸಿಕ್ಕಿದ್ದು ದಾರದ ಮೂಲೆ. ಅದನ್ನು ಮೂಸಿದರು. ಆಮೇಲೆ ಗೋಳೋ ಎಂದು ಅತ್ತರು. ಕಣ್ಣೀರು, ಸಿಂಬಳ, ಎಲೆಅಡಿಕೆಯ ಕೆಂಪು ರಸ ಮೂರೂ ಸೇರಿ ಬಿಳಿ ಮೀಸೆಯಿಂದ ಅಂಗಿಯ ಮೇಲೆ ತೊಟ್ಟಿಕ್ಕಿದವು. ಶಶಿಧರ ನೆಲ ನೋಡುತ್ತ ನಿಂತ. ಪಶ್ಚಾತ್ತಾಪದ ಮುಖವನ್ನು ಅವನು ಮೊದಲೇ ಅಭ್ಯಾಸ ಮಾಡಿಕೊಂಡಿದ್ದ. ವಾಕರಿಕೆ ತಡೆಯಲು ಹಲ್ಲು ಕಚ್ಚಿದ್ದರಿಂದ ಅದು ಇನ್ನೂ ಚೆನ್ನಾಗಿ ಕಂಡಿತು.

‘ಔಷಧಿ ಹೊಡ್ಸೋದು ತಡ ಆಯ್ತು ಮಾವ. ನಂದೇ ತಪ್ಪು’ ಎಂದ. ಅಸಡ್ಡೆ ಅಪರಾಧವಲ್ಲ. ಅದನ್ನು ಒಪ್ಪಿಕೊಂಡವನನ್ನು ಯಾರೂ ಅದಕ್ಕಿಂತ ದೊಡ್ಡದಕ್ಕೆ ಅನುಮಾನಿಸುವುದಿಲ್ಲ.

ಮುದುಕ ಅವನ ಕೈ ಹಿಡಿದುಕೊಂಡರು. ಅದೇ ಮಣ್ಣಾದ, ಒದ್ದೆಯಾದ ಕೈ. ‘ನಿಂದೇನು ತಪ್ಪೋ, ಇಷ್ಟು ವರ್ಷ ನೀನಲ್ದೆ ಯಾರು ನೋಡ್ಕೊಂಡ್ರು? ಆವತ್ತು ಮೈಕಲ್ಲಿ ಏನೋ ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡ ಕಣೋ’ ಎಂದರು. ವರ್ಷವಾದ ಮೇಲೆ ಬಂದ ಮಾತು. ಶಶಿಧರನಿಗೆ ಎದೆಯೊಳಗೆ ಏನೋ ಒಂದು ಚೂರು ಅಲುಗಿತೇನೋ. ಆದರೆ ಬೆರಳ ನಡುವೆ ಒಂದು ಗೆದ್ದಲು ಹರಿದಾಡುತ್ತಿತ್ತು. ಕೈ ಕಿತ್ತುಕೊಂಡು ಬಚ್ಚಲಿಗೆ ಓಡಿದ.

ಮರುದಿನ ಪೂಜೆ ಹೆಸರಿಗೆ ನಡೆಯಿತು. ಅದು ಮುಗಿದ ಮೇಲೆ ಮಹಾಂತಮ್ಮ ಒಳಂಗಳದ ತೊಟ್ಟಿಯಲ್ಲಿ ಚಾಪೆ ಹಾಸಿಕೊಂಡು ಜರಡಿ ಹಿಡಿದು ಕೂತರು. ಅಕ್ಷರವಿದ್ದ ಚೂರನ್ನು ಕಸಕ್ಕೆ ಹಾಕುವುದು ಆ ಮನೆಯಲ್ಲಿಲ್ಲ. ಹೊಳೆಗೆ ಬಿಡಬೇಕು. ಹೊಳೆಗೆ ಬಿಡುವ ಮೊದಲು ಮಣ್ಣು ಬೇರೆ, ಚೂರು ಬೇರೆ ಮಾಡಬೇಕು. ಬಕೆಟ್ಟಿನಲ್ಲಿ ಮಣ್ಣು ತುಂಬಿ ತುಂಬಿ ತಂದು ಕೊಡುವ ಕೆಲಸ ಶಶಿಧರನ ಪಾಲಿಗೆ ಬಂತು. ಇದೇ ಕೊನೆ ಎಂದು ಹೇಳಿಕೊಂಡು ಉಸಿರು ಬಿಗಿಹಿಡಿದು ತಂದ. ಜೇಬಿನ ಮೊಬೈಲು ಅದುರಿತು. ದುಶ್ಯಂತನ ವಿಮಾನ ಸೋಗಾನೆಯ ನಿಲ್ದಾಣಕ್ಕೆ ಬಂದು ಇಳಿದಿತ್ತು. ಅವನು ಅಲ್ಲಿಂದ ನೇರ ಭದ್ರಾವತಿಗೆ ಕಾರಿನಲ್ಲಿ ಹೋಗಿ, ಮನೆಯ ಹತ್ತಿರ ಕಾಯುತ್ತಾನೆ. ಸಂಜೆಯ ಬಸ್ಸು ಹಿಡಿದರೆ ಆಯಿತು. ಒಂದು ವಾರ ಕಾದು, ತಲೆನೋವೋ ಬೆನ್ನುನೋವೋ ಹೇಳಿ ಕೆಲಸ ಬಿಡುವುದು. ಬಿಳಿ ಟೈಲ್ಸಿನ ತಣ್ಣನೆಯ ನೆಲ ಅವನ ಅಂಗಾಲಿಗೆ ಈಗಲೇ ತಾಗಿದಂತಾಯಿತು.

ಮಹಾಂತಮ್ಮನ ಮೊಣಕಾಲಿನ ಪಕ್ಕ ಒಂದು ಸ್ಟೀಲ್ ತಟ್ಟೆಯಿತ್ತು. ಜರಡಿಯಲ್ಲಿ ಉಳಿದದ್ದರಿಂದ ಆಗಾಗ ಏನನ್ನೋ ಹೆಕ್ಕಿ, ಚೊಂಬಿನ ನೀರಿನಲ್ಲಿ ಅದ್ದಿ, ಅದಕ್ಕೆ ಹಾಕುತ್ತಿದ್ದರು. ಬಿಳಿಬಿಳಿಯಾಗಿ ಉರುಟು ಉರುಟಾಗಿ ಕಂಡಿತು. ಹುಳುವಿನ ಮೊಟ್ಟೆಯೋ, ರಾಣಿ ಹುಳುವೋ ಇರಬೇಕು, ಈ ಮುದುಕಿಗೆ ಅದನ್ನೂ ಮುಟ್ಟಲು ಹೇಸಿಗೆಯಿಲ್ಲ ಎಂದು ಶಶಿಧರ ಮುಖ ತಿರುಗಿಸಿದ. ಮೊದಲ ಬಕೆಟ್ಟಿನಿಂದಲೂ ಅವನು ಆ ಕಡೆ ಸರಿಯಾಗಿ ನೋಡಿರಲಿಲ್ಲ.

ಕೊನೆಗೆ ಅವರು ಕುದುರೆ ಕಟ್ಟಿನ ಮೂಲೆಯನ್ನು ಎತ್ತಿಕೊಂಡರು. ದಾರ ಹಿಡಿದು ಎಳೆದು ನೋಡಿದರು. ಆಮೇಲೆ ಮೂಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಹೊಸಕಿದರು. ಇನ್ನೊಮ್ಮೆ ಹೊಸಕಿದರು.

‘ಕುದುರೆ ಕಟ್ಟಿಂದು ಇದೇ ಅಲ್ವೇನೋ ಶಶಿ?’

‘ಅದೇ ಅತ್ತೆ. ವಾಸನೆ ನೋಡಿ, ಗೊತ್ತಾಗುತ್ತೆ.’

‘ಹೊಲಿಗೆ ಗಟ್ಟಿಯಾಗಿದೆ. ಎಲ್ಲೂ ಬಿಚ್ಚಿಲ್ಲ.’

‘ಹೌದತ್ತೆ. ಮಿಕ್ಕ ಕಡೆ ಎಣ್ಣೆ ಆರಿತ್ತೇನೋ, ಆ ಮೂಲೆ ಒಂದು ಉಳಕೊಂಡಿದೆ.’

ಮಹಾಂತಮ್ಮ ತಲೆಯೆತ್ತಿ ಅವನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಎಂಜಲು ಕೈಯಲ್ಲಿ ಪೂಜೆಯ ಹೂ ಮುಟ್ಟಿದವನನ್ನು ನೋಡುವಂಥದು. ತಾನು ಜಗತ್ತನ್ನೆಲ್ಲ ನೋಡುತ್ತ ಬಂದ ನೋಟವೇ ಅದು ಎಂದು ಶಶಿಧರನಿಗೆ ಹೊಳೆಯಲಿಲ್ಲ. ಅದನ್ನು ಅವನು ಎದುರಿನಿಂದ ಎಂದೂ ಕಂಡಿರಲಿಲ್ಲ.

‘ಸ್ಪಂದೂ, ನಿಮ್ಮ ತಾತನ್ನ ಕರಿ’ ಎಂದರು. ಆಮೇಲೆ ತಟ್ಟೆಯನ್ನು ಅವನ ಕಡೆಗೆ ತಳ್ಳಿದರು. ‘ಈ ಮನೆಗೆ ಸೊಸೆಯಾಗಿ ಬಂದೋರೇ ಕಟ್ಟಿಗೆಲ್ಲ ಬಟ್ಟೆ ಹೊಲೀತೀವಿ ಕಣೋ. ದಾರದ ಮೂಲೆ ಮಡಚಿ ಒಳಗೊಂದು ಕವಡೆ ಇಟ್ಟು ಹೊಲೀಬೇಕು, ದೃಷ್ಟಿ ತಾಗ್ಬಾರ್ದು ಅಂತ. ಗಂಡಸ್ರಿಗೆ ಹೇಳೋವಂಥದಲ್ಲ ಅದು, ಹೇಳಿಲ್ಲ. ಗೆದ್ದಲು ತಿಂದ ಕಟ್ಟಿಂದೆಲ್ಲ ಕವಡೆ ಸಿಕ್ತು, ನೋಡು. ಕುದುರೆ ಕಟ್ಟಿಗೆ ಹೊಲ್ದೋಳು ನಾನು, ಮದುವೆಯಾಗಿ ಬಂದ ವರ್ಷ. ಗೆದ್ದಲು ಬಟ್ಟೆ ತಿನ್ನುತ್ತೆ, ಗರಿ ತಿನ್ನುತ್ತೆ, ಒಪ್ಪಿದೆ. ಹೊಲಿಗೆ ಬಿಚ್ದೆ ಒಳಗಿನ ಕವಡೆ ಹೆಂಗೋ ತಿನ್ನುತ್ತೆ?’

ತಟ್ಟೆಯಲ್ಲಿ ಕವಡೆಗಳು ತೊಳೆದ ಹಲ್ಲಿನಂತೆ ಬೆಳ್ಳಗಿದ್ದವು. ಕೊಳೆ ಹೆಪ್ಪುಗಟ್ಟಿದ ಗಂಟು ಎಂದು ತಾನು ಮುಟ್ಟದೆ ಬಿಟ್ಟದ್ದು, ಒಲೆಯಲ್ಲಿ ಚಟ್ ಎಂದದ್ದು ಏನೆಂದು ಶಶಿಧರನಿಗೆ ಆಗ ತಿಳಿಯಿತು. ಒಳಗಿನಿಂದ ಮಾವನ ಕೋಲಿನ ಸದ್ದು ಬರತೊಡಗಿತು. ‘ಸುಟ್ಟಿದ್ರೂ ಕವಡೆ ಪೂರಾ ಬೂದಿಯಾಗಲ್ಲ, ಶಶಿ. ನಿನ್ನ ಮನೆಗೆ ಹೋಗಿ ನೋಡೋಣ ನಡಿ’ ಎಂದರು ಮಹಾಂತಮ್ಮ, ಸೆರಗಿಗೆ ಕೈ ಒರೆಸಿಕೊಂಡು ಏಳುತ್ತ. ಭದ್ರಾವತಿಯ ಮನೆಯ ಬಚ್ಚಲ ಒಲೆಯಲ್ಲಿ ಆಷಾಢದ ಬೂದಿ ಇನ್ನೂ ಹಾಗೇ ಇತ್ತು. ಬೂದಿಗೆ ಕೈ ಹಾಕುವುದೆಂದರೆ ಅವನಿಗೆ ಮೊದಲಿನಿಂದಲೂ ಅಸಹ್ಯ.